ಹಳ್ಳ ನಿಮ್ಮ ಫ್ರಿಡ್ಜ್ ಅಲ್ಲ

ಶುಕ್ರವಾರ ಸಂಜೆ ಆಯ್ತಂದ್ರೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ನನಗೆ ಒಂದೇ ಪ್ರಶ್ನೆ: "ನಿಮ್ಮೂರ ಕಡೆ ಜನ ಇಲ್ಲದ ಜಾಗ ಯಾವುದಿದೆ ಗುರು?" ಎತ್ತಿನಭುಜ, ರಾಣಿಝರಿ, ದೇವರಮನೆ, ಕ್ಯಾತನಮಕ್ಕಿ ಎಲ್ಲ ನೋಡಿ ಮುಗೀತಂತೆ. ಜನ ಇಲ್ಲದ ಜಾಗ ಅಂದ್ರೇನ್ರೀ? ಅಲ್ಲಿ ನಾವಿದ್ದೀವಲ್ಲ, ನಾವು ಜನ ಅಲ್ವಾ?

ಕಳೆದ ಸಲ ಊರಿಗೆ ಹೋದಾಗ ನೋಡಿದೆ. ಮನೆ ಕೆಳಗಿನ ಹಳ್ಳದಲ್ಲಿ ಯಾರೋ ಬಿಯರ್ ಬಾಟಲಿ ತಣ್ಣಗಾಗಲು ಇಟ್ಟು, ಕುಡಿದು, ಬಂಡೆಗೆ ಒಡೆದು ಹೋಗಿದ್ದರು. ಬಟ್ಟೆ ಒಗೆಯಲು ಇಳಿದ ತೋಟದ ಕೆಲಸದಾಕೆಯ ಅಂಗಾಲು ಸೀಳಿತ್ತು. ಎಂಟು ದಿನದ ಕೂಲಿ ಹೋಯ್ತು.

ಆ ಹಳ್ಳ ಸೇರೋದು ಹೇಮಾವತಿಗೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಗೊರೂರಿನ ಅಣೆಕಟ್ಟು ದಾಟಿ, ಕಾವೇರಿ ಸೇರುವ ನದಿ ಅದು. ಬೆಂಗಳೂರಿನ ನಲ್ಲಿಯಲ್ಲಿ ಬರೋದೂ ಕಾವೇರಿಯೇ. ಹಳ್ಳಕ್ಕೆ ಉಗಿದು ಬಂದವರು ಸೋಮವಾರ ಕುಡಿಯೋದು ಯಾವ ನೀರು ಅಂತ ಸ್ವಲ್ಪ ಯೋಚಿಸಲಿ.

"ಟೂರಿಸ್ಟ್ ಬಂದ್ರೆ ನಿಮಗೇ ದುಡ್ಡಲ್ವಾ?" ಅಂತೀರಿ. ಹೌದು. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ಹೋಂಸ್ಟೇ ಎಷ್ಟೋ ಮನೆಗಳನ್ನು ಉಳಿಸಿದೆ, ಜೀಪಿನವರ ಒಲೆ ಉರಿಸಿದೆ. ಆದ್ರೆ ನೀವು ಬಾಡಿಗೆ ಕೊಟ್ಟಿದ್ದು ರೂಮಿಗೆ, ಹಳ್ಳಕ್ಕಲ್ಲ. ಕಾಲು ಸೀಳಿಸಿಕೊಂಡ ಆಕೆಗೆ ಆ ದುಡ್ಡಲ್ಲಿ ಒಂದು ಪೈಸೆಯೂ ಹೋಗಿಲ್ಲ.

ತಪ್ಪು ನಂದೂ ಇದೆ. ಎರಡು ವರ್ಷದ ಹಿಂದೆ ಆ ಹಳ್ಳದ ಫೋಟೋನ ಲೊಕೇಶನ್ ಸಮೇತ ಸ್ಟೇಟಸ್‌ಗೆ ಹಾಕಿದ್ದು ನಾನೇ. ಈಗ ಯಾರು ಕೇಳಿದರೂ ಜಾಗ ಹೇಳಲ್ಲ. ಊರಿಗೆ ಬನ್ನಿ, ಅಮ್ಮನ ಕೈಯ ಕಡುಬು ತಿನ್ನಿ. ಖಾಲಿ ಬಾಟಲಿ ಮಾತ್ರ ವಾಪಸ್ ತಗೊಂಡು ಹೋಗಿ.