ಯುಗಾದಿಯ ಮೂರೆಲೆ

ಯುಗಾದಿಯ ರಾತ್ರಿ ಅರಕೆರೆಯೂ ಸೇರಿ ನಮ್ಮ ಸೀಮೆಯ ಜಗಲಿಗಳಲ್ಲಿ ಇಸ್ಪೀಟಿಗೆ ಕಂಬಳಿ ಹಾಸುವುದು ಹಳೆಯ ರೂಢಿ. ಮನೆಮಂದಿಯ ವಿನೋದವೆಂದು ಹಿರಿಯರೂ ಸುಮ್ಮನಿರುತ್ತಾರೆ. ಆದರೆ ಮೂರೆಲೆಯ ಆಟ ಅಷ್ಟು ಮುಗ್ಧವಾದುದೇ?

52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಆಯಬಹುದು. ಅವುಗಳಲ್ಲಿ 16,440 ಬಗೆಗಳು ಜೋಡಿಯೂ ಸಾಲೂ ಒಂದೇ ಬಣ್ಣವೂ ಇಲ್ಲದ ಬರಿಗೈಗಳು. (ಪ್ರೌಢಶಾಲೆಯ ಬಾಲಕರು ಲೆಕ್ಕಮಾಡಿ ನೋಡಲಿ.) ಆದುದರಿಂದ ಪಣ ಬಹುಮಟ್ಟಿಗೆ ಒಲಿಯುವುದು ಎದುರಾಳಿಯನ್ನು ಬೆದರಿಸುವ ಹುಸಿ ಧೈರ್ಯಕ್ಕೆ. ಆ ಧೈರ್ಯಕ್ಕೆ ಬಂಡವಾಳ ಬೇಕು. ಎಲೆ ನೋಡದೆ ಕಟ್ಟಿದವನೆದುರು ನೋಡಿದವನು ಇಮ್ಮಡಿ ಕಟ್ಟಬೇಕೆಂಬುದು ನಿಯಮ. ಕಬ್ಬಿನ ಹಣ ಕೈಸೇರಿದ ಭಾವ ನೋಡದೆಯೇ ಕಟ್ಟುತ್ತ ಹೋದರೆ, ಕೂಲಿಯ ಭಾವಮೈದುನ ಒಳ್ಳೆಯ ಎಲೆಯನ್ನೂ ಮಗುಚಿಡುತ್ತಾನೆ. ಕಂಬದ ಮರೆಯಲ್ಲಿ ನಿಂತ ನಮ್ಮ ವಿದ್ಯಾರ್ಥಿ ಇದನ್ನು ಕಾಣುತ್ತಿರುತ್ತಾನೆ.

ಆಟ ಬಿಡಲಾಗದಿದ್ದರೆ ಎಲ್ಲರಿಗೂ ಸಮನಾಗಿ ಹುಣಿಸೆಬೀಜ ಹಂಚಿಕೊಂಡು ಆಡಿರೆಂದು ಪೋಷಕ ಮಹನೀಯರಲ್ಲಿ ನನ್ನ ಬಿನ್ನಹ.