ಅಟ್ಟದ ಬಿಲ್ಲಿಗೆ ಹೊಸ ಹುರಿ ಬೇಕೇ?



ಅಡಿಕೆ ಕೊಯ್ಲು ಮುಗಿಸಿ ಅಟ್ಟ ಗುಡಿಸುವಾಗ ನಮ್ಮ ಚಿಕ್ಕಪ್ಪನವರ ರಾಟೆ ಬಿಲ್ಲು ಕೈಗೆ ಸಿಕ್ಕಿತು. 1985ರಲ್ಲಿ ಅವರು ಅಮೆರಿಕದಿಂದ ತಂದ ಬೇಟೆಯ ಕಾಂಪೌಂಡ್ ಬಿಲ್ಲು ಅದು. "ರಿಪೇರಿ ಮಾಡಿಸೋಣ ಅಪ್ಪಾ, ಹಂದಿ ಕಾಯಲಿಕ್ಕಾದರೂ ಆದೀತು" ಎಂದ ಮಗ. ಸಂಘದ ಕಚೇರಿಯಲ್ಲಿ ವಿಷಯ ಎತ್ತಿದರೆ ಅಲ್ಲಿದ್ದವರೂ ಹೌದೆಂದರು. ನಾವು ಮಾತ್ರ ಬೇಡವೆಂದು ತೀರ್ಮಾನಿಸಿದ್ದೇವೆ. ಕಾರಣ ಹೇಳಬೇಕಲ್ಲ.

ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬವರಿಗೆ ಈ ಬಗೆಯ ಬಿಲ್ಲಿನ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ತುದಿಗಳಲ್ಲಿರುವ ರಾಟೆಗಳ ಅಚ್ಚು ನಡುವಿನಲ್ಲಿರದೆ ಪಕ್ಕಕ್ಕಿರುತ್ತದೆ. ಆದ್ದರಿಂದ ಪೂರ್ತಿ ಎಳೆದಾಗ ಕೈಗೆ ಭಾರ ಇಳಿಯುತ್ತದೆ. ಇಳಿಯುವುದು ನಮ್ಮ ಕೈಗೆ ಮಾತ್ರ, ಬಿಲ್ಲಿನ ತೋಳುಗಳಿಗಲ್ಲ. ಹುರಿ ಬಿಗಿದೇ ಇಟ್ಟಿದ್ದರಿಂದ, ಹೆಂಚಿನ ಕೆಳಗಿನ ಸೆಕೆಯಲ್ಲಿ ಇಷ್ಟು ವರ್ಷವೂ ಆ ತೋಳುಗಳು ಬಾಗಿಯೇ ಇದ್ದವು.

ತೋಳುಗಳ ಮೇಲೆ ಹತ್ತಿಯುಂಡೆ ಸವರಿ ನೋಡಿದೆವು. ಕೆಳಗಿನ ತೋಳಿನಲ್ಲಿ, ರಾಟೆಯ ಹತ್ತಿರ, ಹತ್ತಿಯ ಎಳೆ ಸಿಕ್ಕಿಕೊಂಡಿತು. ಕನ್ನಡಕ ಹಾಕಿ ನೋಡಿದರೆ ಕೂದಲೆಳೆಯಂಥ ಬಿರುಕು. ಅಷ್ಟಕ್ಕೇ ನಮ್ಮ ಪ್ರಶ್ನೆ ಮುಗಿಯಿತು. ಸ್ಪ್ರೇಯರಿನ ವಾಷರ್ ಸವೆದರೆ ಬದಲಾಯಿಸುತ್ತೇವೆ. ಸೀಳಿದ ದೋಟಿಗೆ ಹಗ್ಗ ಸುತ್ತಿ ಕೊನೆ ಕೊಯ್ಯಲು ಯಾರೂ ಕೊಡುವುದಿಲ್ಲ. ಹುರಿ, ಕೇಬಲ್ ಮಾತ್ರ ಹಳತಾಗಿದ್ದರೆ ಬಿಲ್ಲು ಒತ್ತುವ ಪ್ರೆಸ್ ಇರುವ ತಿಳಿದವರ ಕೈಯಲ್ಲಿ ಬದಲಾಯಿಸಬಹುದು. ತೋಳೇ ಬಿರಿದಿದ್ದರೆ ಹೊಸ ಹುರಿ ಹಾಕುವುದು ಅಪಾಯಕ್ಕೆ ಆಹ್ವಾನ; ಎಳೆದಾಗ ಚೂರು ಮುಖಕ್ಕೇ ಹಾರೀತು. ಬಾಣವಿಲ್ಲದೆ ಎಳೆದು ಬಿಡುವುದಂತೂ ಗಟ್ಟಿ ಬಿಲ್ಲಿಗೂ ಕೂಡದು: ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತೋಳುಗಳಿಗೇ ತಿರುಗುತ್ತದೆ.

ಇನ್ನು ಹಂದಿಯ ಮಾತು. ಒಂದೇ ರಾತ್ರಿಯಲ್ಲಿ ಅಡಿಕೆ ಸಸಿಗಳನ್ನು ಬುಡಮೇಲು ಮಾಡಿದ ಹಂದಿಯ ಮೇಲೆ ನಮಗೂ ಸಿಟ್ಟಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಗಳ ಅನುಮತಿಯಿಲ್ಲದೆ ಕಾಡುಹಂದಿ ಹೊಡೆಯುವುದು ಅಪರಾಧ. ಕಾಯಿದೆಯನ್ನು ಬದಿಗಿಟ್ಟರೂ, ಬಾಣ ನಾಟಿದ ಹಂದಿ ನಿಂತಲ್ಲೇ ಬೀಳುತ್ತದೆಂದು ಯಾರು ಹೇಳಬಲ್ಲರು? ಗಾಯಗೊಂಡು ಲಂಟಾನ ಪೊದೆ ಸೇರಿದ ಹಂದಿಯ ಎದುರಿಗೆ ಮರುದಿನ ಬೆಳಿಗ್ಗೆ ಹೋಗುವವರು ನಾವಲ್ಲ, ಕಾಫಿ ಕೊಯ್ಯುವ ಹೆಂಗಸರು.

ಮಗನ ಆಸೆಯನ್ನು ಅಲ್ಲಗಳೆಯುವುದಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಕಾಂಪೌಂಡ್ ಬಿಲ್ಲಿನ ಐದೂ ಚಿನ್ನದ ಪದಕಗಳನ್ನು ಗೆದ್ದವರು ನಮ್ಮ ದೇಶದವರೇ. ಕಲಿಯುವುದಾದರೆ ಗುರುವಿನ ಬಳಿ, ಗಟ್ಟಿ ಬಿಲ್ಲಿನಲ್ಲಿ, ಗುರಿಹಲಗೆಯ ಮುಂದೆ ಕಲಿಯಲಿ. ರಿಪೇರಿಗೆಂದು ತೆಗೆದಿಟ್ಟ ಹಣವನ್ನು ಅದಕ್ಕೇ ಕೊಟ್ಟಿದ್ದೇವೆ.

ಚಿಕ್ಕಪ್ಪನವರ ಬಿಲ್ಲಿನ ಹುರಿಯನ್ನು ತಿಳಿದವರಿಂದ ಬಿಚ್ಚಿಸಿ, ಅದನ್ನು ಅವರ ಪಟದ ಕೆಳಗೆ ಗೋಡೆಗೆ ತೂಗುಹಾಕುತ್ತೇವೆ. ಹಿರಿಯರ ವಸ್ತುವಿಗೆ ಮರ್ಯಾದೆ ಕೊಡುವುದೆಂದರೆ ಅದರಿಂದ ಮತ್ತೆ ದುಡಿಸುವುದೇ ಆಗಬೇಕಿಲ್ಲ. ನಿಮ್ಮ ಅಟ್ಟಗಳಲ್ಲೂ ಇಂಥವು ಇದ್ದಾವು. ರಿಪೇರಿಗೆ ಕೊಡುವ ಮೊದಲು ಒಮ್ಮೆ ಹತ್ತಿ ಸವರಿ ನೋಡಿ.