ಬಣ್ಣ ಕಂಡರೂ ಬೆಚ್ಚುವ ಸುಖ

ಕಡಿಮೆ ದುಡ್ಡಿನ ದೆವ್ವದ ಸಿನಿಮಾ, ಸರಣಿ ಕೊಲೆಯ ಸಿನಿಮಾಗಳನ್ನು ನಮ್ಮ ವಿಮರ್ಶೆ ಹೊಸ್ತಿಲಾಚೆಯೇ ನಿಲ್ಲಿಸಿದೆ. ಈ ಸಂಚಿಕೆಯಲ್ಲಿ ಅವಕ್ಕೆ ಇಷ್ಟು ಪುಟ ಕೊಡಲು ಕಾರಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಪ್ರೇಕ್ಷಕರು.

ಇದು ಮೂಡಲಪಾಯ ಯಕ್ಷಗಾನದ ನೆಲ. ರಕ್ಕಸ ವೇಷ ರಂಗಕ್ಕೆ ಬರುವ ಪರಿ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಮೊದಲು ತೆರೆಯ ಹಿಂದಿನಿಂದ ಆರ್ಭಟ. ಪಂಜಿಗೆ ಎರಚಿದ ರಾಳದ ಪುಡಿ ಭಗ್ಗನೆ ಉರಿಯುತ್ತದೆ, ಆ ಬೆಳಕಿನಲ್ಲಿ ಕೆಂಪು ಬಳಿದ ಮುಖ ಕಾಣುತ್ತದೆ. ವೇಷದೊಳಗಿರುವವನು ತಮ್ಮೂರ ರೈತನೇ ಎಂದು ಮಕ್ಕಳಿಗೂ ಗೊತ್ತು. ಆದರೂ ಅಮ್ಮನ ಸೆರಗು ಹಿಡಿಯುತ್ತವೆ. ಟೆಂಟ್ ಸಿನಿಮಾದಲ್ಲಿ ನೆಲದ ಟಿಕೆಟ್ ತಗೊಂಡು, ಮರಳು ಗುಡ್ಡೆ ಮಾಡಿಕೊಂಡು ಕೂತವರು ತೆರೆಯ ಮೇಲಿನ ದೆವ್ವಕ್ಕೆ ಕಿರುಚಿ ಮರುಗಳಿಗೆಯೇ ನಕ್ಕದ್ದೂ ಇದೇ ರೂಢಿಯಿಂದ. ಅದನ್ನು ಹಳ್ಳಿಗರ ಮುಗ್ಧತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವೇಷವನ್ನು ವೇಷವೆಂದು ಬಲ್ಲವರೇ ಹಾಗೆ ಹೆದರಿ ಸುಖಪಡಬಲ್ಲರು.

ಹೀಗೆ ಹೆದರಿಸಲು ದೊಡ್ಡ ದುಡ್ಡೂ ಬೇಡ; ಕತ್ತಲೆಗೆ ಬಾಡಿಗೆ ಇಲ್ಲ. ಇದನ್ನು ಬಲ್ಲ ನಿರ್ದೇಶಕರು ಬಡತನದಲ್ಲೇ ಕಸುಬು ತೋರಿಸಿದರು. ಅಮೆರಿಕದ ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ (1978) ಚಿತ್ರದ ಕೊಲೆಗಾರನಿಗೆ ಅಂಗಡಿಯ ಅಗ್ಗದ ಮುಖವಾಡಕ್ಕೇ ಬಿಳಿ ಬಣ್ಣ ಬಳಿಸಿದರು. ಸಂಗೀತವನ್ನೂ ತಾವೇ ಮಾಡಿದರು. ಮುಂಬೈಯ ರಾಮ್ಸೆ ಸಹೋದರರು ‘ಪುರಾನಾ ಮಂದಿರ್’ (1984) ತೆಗೆದದ್ದು ಸಣ್ಣ ಊರಿನ ಪ್ರೇಕ್ಷಕರನ್ನು ನಂಬಿ. ನಮ್ಮಲ್ಲಿ ಅನಂತನಾಗ್ ಮೈಮೇಲೆ ಪ್ರೇತ ಬರುವ ‘ನಾ ನಿನ್ನ ಬಿಡಲಾರೆ’ (1979) ಒಂದು ತಲೆಮಾರಿನ ನಿದ್ದೆ ಕೆಡಿಸಿತು. ಉಪೇಂದ್ರ ಅವರ ‘ಶ್!’ (1993) ಇನ್ನೂ ಜಾಣತನದ್ದು: ದೆವ್ವದ ಭಯಕ್ಕೂ ಕೊಲೆಗೂ ಸಿಕ್ಕಿಕೊಳ್ಳುವುದು ಶೂಟಿಂಗಿಗೆ ಹೋದ ಸಿನಿಮಾ ತಂಡವೇ. ಸಾಧು ಕೋಕಿಲ ಸಂಗೀತ ನಿರ್ದೇಶಕರಾದದ್ದು ಈ ಚಿತ್ರದಿಂದ.

ಈ ಬಗೆಯ ಎಷ್ಟೋ ಸಿನಿಮಾಗಳು ಹೆಣ್ಣಿನ ಮೈಯನ್ನೂ ಅವಳ ಸಾವನ್ನೂ ಸರಕು ಮಾಡಿದವು. ಅದಕ್ಕೆ ಇಲ್ಲಿ ಸಮರ್ಥನೆಯಿಲ್ಲ.

ಟೆಂಟುಗಳು ಹೋದವು. ಅವುಗಳನ್ನು ನಡೆಸಿದವರು, ಪ್ರೊಜೆಕ್ಟರ್ ಮುಂದೆ ಬೆವರಿದ ಆಪರೇಟರುಗಳು, ಎತ್ತಿನ ಗಾಡಿಯಲ್ಲಿ ಮೈಕ್ ಹಿಡಿದು ‘ಇಂದೇ ನೋಡಿರಿ’ ಎಂದು ಊರೂರು ಸುತ್ತಿದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಓದುಗರೇ, ಅವರನ್ನು ಮಾತಾಡಿಸಿ ಬರೆದು ಕಳಿಸಿ. ಮನೆಯ ಅಟ್ಟದಲ್ಲಿ ಹಳೆಯ ಕರಪತ್ರವೋ ವಾಲ್‌ಪೋಸ್ಟರೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಫೋಟೋ ತೆಗೆದು ನಮಗೆ ತಲುಪಿಸಿ.